ಮೂರನೆಯ ಪಕ್ಷ

ಉತ್ತರೆ ಮಳೆ ಬಿಟ್ಟು ಎರಡು ದಿನ.
ಗುತ್ತಲು ರಸ್ತೆಯ ಗುಂಡಿಗಳಲ್ಲಿ ಇನ್ನೂ ಮೋಡ ಮಿಸುಕುತ್ತಿದೆ.
ಮಕ್ಕಳಿಗೆ ದಸರಾ ರಜೆ,
ಮೇಡಮ್ಮುಗಳಿಗೆ ಸಮೀಕ್ಷೆ.
ಕೊರಳಲ್ಲಿ ಗುರುತಿನ ಚೀಟಿ,
ಬ್ಯಾಗಿನಲ್ಲಿ ಛತ್ರಿ, ಚಾರ್ಜರು,
ಒಂದು ಪೊಟ್ಟಣ ಗ್ಲುಕೋಸ್ ಬಿಸ್ಕತ್ತು,
ನಾಯಿಗಳಿಗೆ.

ಅರವತ್ತು ಪ್ರಶ್ನೆ.
ಮೊದಲ ಮನೆಯಲ್ಲೇ ಆ್ಯಪು ಕಣ್ಣು ಮುಚ್ಚಿತು.
ಚಿಕ್ಕತಾಯಮ್ಮನ ತಾರಸಿ ಹತ್ತಿ,
ಹಸಿ ದುಪ್ಪಟಿಗಳ ನಡುವೆ ಮೊಬೈಲು ಎತ್ತಿ ಹಿಡಿದು
ನಿಂತೆ, ಮಳೆ ಬೇಡುವವಳ ಹಾಗೆ.
ಕೆಳಗಿಂದ ಆಕೆ:
‘ಎಲ್ಲಾ ಬರ್ಕಂಡು ಏನ್ ಕೊಟ್ಟಾರು ಮೇಡಮ್ಮಾರೆ?
ಬಸ್ಸೇನೋ ಫ್ರೀ ಮಾಡವ್ರೆ.
ಓಗಾಕೆ ನಂಗೊಂದು ಊರಿಲ್ಲ ಕಣವ್ವ.’
ಇದಕ್ಕೆ ಕಾಲಂ ಇರಲಿಲ್ಲ.

ಮುಬೀನ್ ತಾಜ್ ಟೀ ಕೊಟ್ಟಳು.
ಜಾತಿಯ ಪ್ರಶ್ನೆ ಬಂದಾಗ ಗಂಡನ ಮುಖ ನೋಡಿದಳು,
ಅವನು ಗೋಡೆ ಗಡಿಯಾರ ನೋಡಿದ,
ನಾನು ಲೋಟದ ತಳ ನೋಡಿದೆ.

‘ಮನೆಯ ಮುಖ್ಯಸ್ಥರು ಯಾರು?’ ಅಂದರೆ
ಎಲ್ಲ ಮನೆಯಲ್ಲೂ ಹೆಂಗಸರು ಒಳಗೆ ತಿರುಗಿ ಕೂಗುತ್ತಾರೆ.
ಒಂದು ಕಡೆ ಹತ್ತು ವರ್ಷದ ಹುಡುಗ ಬಂದ,
ಬಾಯಲ್ಲಿ ಕಡ್ಲೆಪುರಿ ತುಂಬಿಕೊಂಡು.

ನಮ್ಮ ಮನೆಯಲ್ಲಿ ಎರಡು ಪಕ್ಷ.
ಗಂಡನದೊಂದು, ಮೈದುನ ನಿಂಗರಾಜುದೊಂದು.
ಹೋದ ಚುನಾವಣೆಯಿಂದ ಮಾತಿಲ್ಲ.
ಫ್ಯಾಮಿಲಿ ಗ್ರೂಪಿನಲ್ಲಿ ಯಾರದೋ ಫಾರ್ವರ್ಡಿಗೆ
ಯಾರೋ ಹೆಬ್ಬೆರಳು ಒತ್ತಿದ್ದು, ಅಷ್ಟೇ.
ಕಾವೇರಿಗೆಂದು ಒಂದೇ ಹೆದ್ದಾರಿಯಲ್ಲಿ ಅಡ್ಡ ಕೂತವರು,
ಒಂದೇ ಪೊಲೀಸ್ ವ್ಯಾನಿನಲ್ಲಿ ಬಾಳೆಹಣ್ಣು ಹಂಚಿ ತಿಂದವರು.
ಈಗ ಕಟ್ಟೆಯ ನೀರೂ ಇಬ್ಬರಿಗೂ ಬೇರೆ ಬೇರೆ:
ಒಬ್ಬನಿಗೆ ತುಂಬಿದೆ,
ಇನ್ನೊಬ್ಬನಿಗೆ ತುಂಬಿಸಿದ್ದಾರೆ.

ಹೋದ ಭಾನುವಾರ ಅಮಾಸೆ. ಮಾವನಿಗೆ ಎಡೆ.
ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು, ಒಬ್ಬಟ್ಟು,
ಮಡಿಕೆ ಬಿಚ್ಚದ ಪಂಚೆ, ಒಂದು ಕಟ್ಟು ಬೀಡಿ.
ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ,
ಸಿಹಿ ಮುಟ್ಟುತ್ತಿರಲಿಲ್ಲ.
ಆದರೂ ಒಬ್ಬಟ್ಟು, ನೋಡುವವರಿಗೆ.
ಕ್ವಾರ್ಟರ್ ಬಾಟಲಿಯ ಮುಚ್ಚಳ ಅತ್ತೆಯೇ ತಿರುಚಿ ಸಡಿಲಿಸಿದರು:
‘ಬಿಗಿ ಇದ್ರೆ ಅವ್ರ ಕೈಲಿ ಆಗಾಕಿಲ್ಲ.’

ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ನಿಂತೆವು.
ಸತ್ತವರು ಉಣ್ಣುವಾಗ ನೋಡಬಾರದು.
ಜಗಲಿಯ ಆ ತುದಿಗೆ ಅವನು, ಈ ತುದಿಗೆ ಇವನು.
ಮಳೆ ಹನಿಯಿತು. ಜಗಲಿ ಚಿಕ್ಕದು.
ಇಬ್ಬರೂ ಒಂದೊಂದು ಹೆಜ್ಜೆ ಒಳಗೆ ಸರಿದರು,
ಇರಚಲು ಜೋರಾದಾಗ ಇನ್ನೊಂದು.
ಐದನೇ ಕ್ಲಾಸಿನ ಮಗಳು ಕೇಳಿದಳು:
‘ತಾತ ಯಾವ ಪಕ್ಷ ಅಜ್ಜಿ?’
ಅತ್ತೆ ಸೆರಗಿಗೆ ಕೈ ಒರೆಸುತ್ತ,
‘ಪಿತೃಪಕ್ಷ ಕಣವ್ವ.’

ನಿಂಗರಾಜು ನಕ್ಕ.
ನನ್ನ ಗಂಡ ಕೆಮ್ಮಿದ,
ಅವನ ನಗು ಯಾವಾಗಲೂ ಕೆಮ್ಮಿನಿಂದಲೇ ಶುರು.

ಬಾಗಿಲು ತೆಗೆದಾಗ ಬೀಡಿ ಒಂದು ಕಡಿಮೆ ಇತ್ತಂತೆ.
ಅತ್ತೆ ಇವತ್ತಿಗೂ ಹೇಳುತ್ತಾರೆ.
ನಾನು ಎಣಿಸಿರಲಿಲ್ಲ. ಎಣಿಸುವ ಕೆಲಸ
ಮಾರನೆ ದಿನದಿಂದ ಶುರುವಾಗಬೇಕಿತ್ತು.

ರಾಜಿಯೇನೂ ಆಗಲಿಲ್ಲ, ಊಟ ಆಯಿತು.
ಹೊರಡುವಾಗ ಮೈದುನ, ನನ್ನ ಕಡೆ ತಿರುಗಿ,
ಅಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ:
‘ಗಾಡಿ ಹಿಂದ್ಲು ಟೈರು ಸವದದೆ ಅತ್ಗೆ,
ಮಳೇಲಿ ಉಷಾರು ಅಂತ ಯೋಳಿ.’

ಇವತ್ತಿನ ಕೊನೆಯ ಮನೆ ನಮ್ಮದೇ.
ಅಡುಗೆಮನೆಯಲ್ಲಿ ನೆಟ್‌ವರ್ಕು ನಾಲ್ಕೂ ಕಡ್ಡಿ.
ಟೀವಿಯಲ್ಲಿ ಆರು ಜನ ಒಟ್ಟಿಗೆ ಕಿರುಚುತ್ತಿದ್ದಾರೆ,
ಅವನು ಅದರ ಮುಂದೆ ಅರ್ಧ ನಿದ್ದೆ.
ಮನೆಯ ಮುಖ್ಯಸ್ಥರು ಯಾರು?
‘ಏನಾದ್ರೂ ಬರ್ಕೊ’ ಅಂದ.
ಬರೆದೆ: ಕೆಂಪಾಜಮ್ಮ. ವಯಸ್ಸು ಎಪ್ಪತ್ತಾರು.
ಉದ್ಯೋಗ: ಇತರೆ.

ಒಟಿಪಿ ಅವನ ಫೋನಿಗೆ ಬಂತು.
ಯಾಕೆಂದು ಕೇಳದೆ ಒಂದೊಂದೇ ಅಂಕಿ ಕೂಗಿದ.
ಅಷ್ಟರಲ್ಲಿ ಶೀಟಿನ ಮೇಲೆ
ಹಸ್ತ ಮಳೆ ಧೋ ಎಂದು ಇಳಿದು
ಕೊನೆಯದು ಕೇಳಿಸಲಿಲ್ಲ.
ಇನ್ನೊಂದು ಸಲ ಹೇಳಿ, ಎಂದೆ.