ಶಿಡ್ಲಘಟ್ಟದಲ್ಲಿ ಮೂರು ಲ್ಯಾಪ್‌ಟಾಪ್

ಮೂರನ್ನೂ ತೆರೆದಿಟ್ಟೆ ಮೇಜಿನ ಮೇಲೆ.
ಒಂದಕ್ಕೆ ಓಟ ಜಾಸ್ತಿ, ಒಂದಕ್ಕೆ ತೂಕ ಕಡಿಮೆ,
ಇನ್ನೊಂದು, ಏನು ಹೇಳಲಿ, ಇದ್ದುದರಲ್ಲಿ ಅಗ್ಗ.
ರುಖಿಯಾ ಚೀಟಿಯಲ್ಲಿ ಬರಕೊಂಡು ಬಂದಿದ್ದಳು
ರ‍್ಯಾಮು, ಕೋರು, ಫ್ಯಾನು ಎಷ್ಟೆಷ್ಟು ಎಂದು.
ನಾನೂ ಗಿಣಿಪಾಠ ಒಪ್ಪಿಸಿದೆ.

ಅವಳಮ್ಮ ಸುಮ್ಮನೆ ಕೂತಿದ್ದರು,
ಬುರ್ಖಾದ ತೋಳಿಗೆ ಬೆಂದ ಗೂಡಿನ ವಾಸನೆ.
ಇಪ್ಪತ್ತು ವರ್ಷ ಬಿಸಿನೀರ ಬಾನಿಯೊಳಗೆ
ರೇಷ್ಮೆಯ ಎಳೆ ಹುಡುಕಿದ ಕೈ.

"ಅರ್ಧ ಗಂಟೆ ಓಡಲಿ ಬಿಡಪ್ಪ" ಅಂದರು.
ಬಿಟ್ಟೆ. ಟೀ ತರಿಸಿದೆ. ಕರೆಂಟು ಹೋಗಿ ಬಂತು.
ಆಮೇಲೆ ಎದ್ದು, ಒಂದೊಂದನ್ನೇ ಎತ್ತಿ
ಹೊಟ್ಟೆಯಡಿ ಬೆರಳಿಟ್ಟರು:
"ಇದು ಕುದೀತಿದೆ.
ಇದು ಉಸಿರು ಕಟ್ಟಿ ಕೂತಿದೆ, ನಂಬಬೇಡ.
ಇದೊಂದು, ಸದ್ದು ಮಾಡಿದರೂ ಬಿಸಿ ಹೊರಗೆ ಹಾಕುತ್ತೆ."
ಅಗ್ಗದ್ದೇ. ಕಂಪನಿಯ ಪಟ್ಟಿಯಲ್ಲೂ ಹಾಗೇ ಇತ್ತು,
ಯಾರೂ ಓದದ ಮೂರನೇ ಪುಟದಲ್ಲಿ.

ಬಿಲ್ಲು ಬರೆದು, ಬೆರಳಚ್ಚಿನ ಬೀಗ ತೋರಿಸಲು
"ಮೊದಲು ನೀವೇ ಒತ್ತಿ ಅಮ್ಮ" ಅಂದೆ.
ಹೆಬ್ಬೆಟ್ಟು, ತೋರುಬೆರಳು, ಎಡಗೈ, ಬಲಗೈ.
ಗುರುತು ಸಿಗಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ.
ಮತ್ತೊಮ್ಮೆ ಪ್ರಯತ್ನಿಸಿ.

ನಕ್ಕರು. "ರೇಷನ್ ಅಂಗಡಿಯದಕ್ಕೂ ನನ್ನ ಪರಿಚಯವಿಲ್ಲ.
ಚಾರ್ಜರ್ ಹಾಕೋದು ಮರೀಬೇಡಪ್ಪ."