ತೂಬಿನ ಕೀಲಿ

ಈ ಬೀದಿಯನ್ನು ಅಗೆಯುತ್ತಿರುವುದು ಇದು ನಾಲ್ಕನೇ ಸಲ.
ಮೊದಲು ಕಿತ್ತಳೆ ಪೈಪಿನವರು ಬಂದರು, ಆಮೇಲೆ ನೀಲಿಯವರು,
ಮಳೆಗೆ ಮುಂಚೆ ಕಪ್ಪಿನವರು.
ಬಂದವರೆಲ್ಲ ಸಾಕಮ್ಮಣ್ಣಿಯ ನಲ್ಲಿ ಒಡೆದು
ಮಣ್ಣು ಮುಚ್ಚದೆ ಹೋದರು.
ಉಳಿದವನು ಕೇಬಲ್ ಬೋರಲಿಂಗ.
ಕರೆಂಟು ಕಂಬದ ಮೇಲೆ ಅವನದೇ ತಂತಿ, ಅವನದೇ ದರ,
ಮೋಡ ಕವಿದರೆ ನೆಟ್ಟಿಲ್ಲ.
ಕೇಳಿದರೆ, "ಬ್ಯಾರೆ ಯಾರ್ದಾರ ಹಾಕಿಸ್ಕೊ ಹೋಗಿ."
ಬೇರೆ ಯಾರೂ ಇಲ್ಲವೆಂದು ಅವನಿಗೂ ಗೊತ್ತು.

ನನಗೆ ಕಬ್ಬು ನೆನಪಾಗುತ್ತಿತ್ತು.
ನಮ್ಮೂರ ಕಬ್ಬೆಲ್ಲ ಅದೊಂದೇ ಫ್ಯಾಕ್ಟರಿಗೆ ಎಂದಿದ್ದ ವರ್ಷ
ಕಟಾವಿನ ಚೀಟಿ ಕಾದು ಕಾದು
ಗದ್ದೆಯಲ್ಲೇ ಸೂಲಂಗಿ ಬಿಟ್ಟದ್ದು;
ಆಲೆಮನೆಯಲ್ಲಿ ಹೊಗೆ ಎದ್ದ ಮಾರನೇ ದಿನ
ಫೀಲ್ಡ್‌ಮನ್ ತಾನಾಗಿ ಬಂದು "ಅಣ್ಣಾ" ಎಂದದ್ದು.

ಮಂಡ್ಯದಿಂದ ಬಂದ ಸಾಹೇಬರೆದುರು ಗ್ರಾಮಸಭೆಯಲ್ಲಿ ಎದ್ದೆ:
"ವೀಸಿ ನಾಲೆ ಯಾರ್ದು? ಎಲ್ಲಾರ್ದು.
ಭತ್ತ ಹಾಕಿದ್ಯೊ ಕಬ್ಬು ಹಾಕಿದ್ಯೊ, ನಾಲೆ ಕೇಳ್ತದಾ?
ದಾರ ಊರ್ದಾಗ್ಲಿ. ಅದ್ರಲ್ಲಿ ಮಾರೋರು ಎಷ್ಟ್ ಜನನಾರ ಬರ್ಲಿ."
ಹಿಂದಿನಿಂದ ಯಾರೋ, "ಪಂಚಾಯ್ತಿ ಬೀದಿದೀಪನೇ ಉರಿಸ್ನಿಲ್ಲ ಕನವ್ವ."
ಎಲ್ಲರೂ ನಕ್ಕರು. ನಾನೂ. ಸುಳ್ಳೇನಲ್ಲ ಅದು.

ಈಗ ನಮ್ಮದೇ ಗುಂಡಿ.
ಹಳೇ ಶಾಲೆಯ ಅಡುಗೆಕೋಣೆಯಲ್ಲಿ ಕಬ್ಬಿಣದ ಪೆಟ್ಟಿಗೆ,
ಕೀಲಿ ನನ್ನ ಸೊಂಟದಲ್ಲಿ.
ಕೂದಲೆಳೆಯಂಥ ಗಾಜಿನ ತುದಿ ಒರೆಸಿ
ಎದುರುಬದುರು ಇಟ್ಟು ಬೆಸೆಯುತ್ತೇನೆ, ಉಸಿರು ಹಿಡಿದು.
ತಾತ ಮಾದಯ್ಯ ನೀರುಗಂಟಿ.
ಅವನ ಸೊಂಟದಲ್ಲಿದ್ದದ್ದು ತೂಬಿನ ಕೀಲಿ.
ಕೊನೇ ಗದ್ದೆಗೆ ನೀರು ಹಾಯದೆ ಉಣ್ಣುತ್ತಿರಲಿಲ್ಲ,
ಆ ಗದ್ದೆಗಳಲ್ಲಿ ಒಂದೂ ಅವನದಲ್ಲ.
ಸುಗ್ಗಿಯಲ್ಲಿ ಅವನ ಪಾಲು ಅಳೆಯುವಾಗ
ಕೆಲವರ ಕೊಳಗ ಚಿಕ್ಕದಾಗುತ್ತಿತ್ತು.
ಅದಕ್ಕೇ ನಾನು ಮೊದಲೇ ಬರೆಸಿಕೊಂಡಿದ್ದೇನೆ:
ಸಂಬಳ, ತಿಂಗಳ ಐದರೊಳಗೆ.

ಮೂರು ಕಂಪನಿ ಬಂದವು. ಒಂದೇ ದಾರ, ಒಂದೇ ಬಾಡಿಗೆ.
ಮಬ್ಬುಗತ್ತಲಲ್ಲಿ ಬೋರಲಿಂಗ,
ಚಪ್ಪಲಿ ಹೊರಗೆ ಬಿಟ್ಟು,
"ನಂಗೂ ಒಂದ್ ಸಿಕ್ತದಾ?"
"ಸಿಕ್ತದೆ."
"ಅವರಷ್ಟೇ ರೇಟಾ?"
"ಅಷ್ಟೇ."
ಅರ್ಜಿಯನ್ನು ಎರಡು ಸಲ ಓದಿದ, ಎಲ್ಲೋ ಮೋಸ ಇರಲೇಬೇಕು ಎಂಬಂತೆ.

ಅಷ್ಟರಲ್ಲಿ ಸಾಕಮ್ಮಣ್ಣಿ, ಕೈಯಲ್ಲಿ ಒಡೆದ ನಲ್ಲಿ.
"ಈ ಸಲ ಯಾರ್ ಒಡ್ದೋರು?"
"ನಾವೇ ಕನವ್ವ."
ಮೂರು ಗುಂಡಿಗಳ ಬೈಗುಳ ಕೂಡಿಟ್ಟುಕೊಂಡಿದ್ದಳು,
ಯಾರಿಗೆ ಬೈಯಬೇಕೆಂದು ತಿಳಿಯದೆ.
ಈಗ ತಿಳಿಯಿತು.
ಮೆಟ್ಟಿಲ ಮೇಲೆ ಕೂತು, ಸೆರಗು ಸರಿಮಾಡಿಕೊಂಡು
ನಿಧಾನವಾಗಿ ಶುರುಮಾಡಿದಳು.