ಗಾಜು ನೆಟ್ಟ ಗೋಡೆಗೆ

ಗುಲಾಬಿಗೆ ಹತ್ತಲು ಬರುವುದಿಲ್ಲ.
ಹಾಗಲಕ್ಕಿರುವ ಸುರುಳಿಬೆರಳು ಇದಕ್ಕಿಲ್ಲ,
ಅವರೆಯಂತೆ ಕೋಲು ಸುತ್ತುವ ಬುದ್ಧಿಯಿಲ್ಲ.
ಉದ್ದಕ್ಕೆ ಕೈ ಚಾಚುತ್ತದೆ, ಸಿಕ್ಕಿದ್ದಕ್ಕೆ ಮುಳ್ಳು ತಗುಲಿಸಿ ಒರಗುತ್ತದೆ,
ಏನೂ ಸಿಗದಿದ್ದರೆ ಬೀಳುತ್ತದೆ.
ಹೀಗೆಂದವನು ಉರುಳಿ ಕಾಂಚನದ ನರ್ಸರಿಯ ದತ್ತೋಬಾ,
ಬೀಡಿ ಆರಿಸದೆ, ನನ್ನ ಕೊರಳ ಟೇಪು ನೋಡಿ ನಗುತ್ತ.

ಇಪ್ಪತ್ತಾರು ವರ್ಷ ಕಸಬಾ ಪೇಠೆಯಲ್ಲಿ
ಸೀರೆಗಳಿಗೆ ಫಾಲ್ ಹಚ್ಚಿದವಳು ನಾನು,
ಗೋಡೆಯನ್ನೂ ಅಳೆದೇ ಹೋಗಿದ್ದೆ:
ಉದ್ದ ಹದಿನೆಂಟೂವರೆ ಅಡಿ, ಎತ್ತರ ಆರು,
ಮೇಲೆ ಸಿಮೆಂಟಿನಲ್ಲಿ ನೆಟ್ಟ ಗಾಜು,
ಹಸಿರು ಬಾಟಲಿಯದು, ನಡುನಡುವೆ ಬಿಳಿ.

ಅವನ ಕುಂಡಗಳಿಗೆ ಚೀಟಿಯಿಲ್ಲ. ಮಳೆ ತಿಂದಿತು ಅಂದ.
ಕಡ್ಡಿ ಎಲ್ಲಿಂದ ತಂದನೋ ಅದೇ ಹೆಸರು.
ಇದು ಗಾರ್ಡ್‌ಸಾಹೇಬ, ಲೋಣಿ ಸ್ಟೇಷನ್ ಕ್ವಾರ್ಟರ್ಸಿನದು,
ಕೆಂಪು, ವರ್ಷಕ್ಕೆ ನಾಲ್ಕು ಸಲ, ವೇಳೆಗೆ ಸರಿಯಾಗಿ,
ಪರಿಮಳದ ಮಾತು ಮಾತ್ರ ಎತ್ತಬೇಡಿ.
ಇದು ಖಡಕಿ ಮೇಮ್, ಬೆಣ್ಣೆಹಳದಿ,
ಕತ್ತು ಬಗ್ಗಿಸಿ ಅರಳುವಂಥದು, ಕೆಳಗೆ ನಿಂತವರಿಗಷ್ಟೇ ಮುಖ.
ಇದು ಸುಮನ್‌ತಾಯಿ. ಯಾರೆಂದು ಹೇಳಲಿಲ್ಲ.
ಮೈತುಂಬ ಮುಳ್ಳು; ಆ ಕುಂಡವನ್ನು ಆಳಿಗೆ ಬಿಡದೆ ತಾನೇ ಎತ್ತಿಟ್ಟ.

ಏರುವ ಬಳ್ಳಿ ಬೇಕೋ, ಅಲೆಯುವ ಬಳ್ಳಿಯೋ, ಮೊದಲು ಹೇಳಿ.
ಏರುವುದರ ಕಡ್ಡಿ ಬಿರುಸು, ತಂತಿ ಬಿಗಿದು ಕಟ್ಟಬೇಕು.
ನೆಟ್ಟಗೆ ಬಿಟ್ಟರೆ ತುದಿಗೊಂದೇ ಹೂ,
ಅಡ್ಡ ಬಗ್ಗಿಸಿದರೆ ಗಿಣ್ಣಿಗೊಂದು.
(ಬಗ್ಗಿದವರಿಗೇ ಹೂವಾ, ಎಂದೆ. ಅವನಿಗೆ ಕೇಳಿಸಲಿಲ್ಲ.)
ಅಲೆಯುವುದು ಮೆತ್ತಗೆ, ಆದರೆ ಹೇಳಿದ ಮಾತು ಕೇಳದು.
ಹೋಳಿಯ ಹೊತ್ತಿಗೆ ಇದ್ದದ್ದೆಲ್ಲ ಒಂದೇ ಸಲ ಖರ್ಚು,
ಆಮೇಲೆ ಹನ್ನೊಂದು ತಿಂಗಳು ಬರೀ ಎಲೆ.

ಬಿಸಿಲು ಯಾವ ಕಡೆ?

ಅದೊಂದನ್ನು ಅಳೆದಿರಲಿಲ್ಲ.
ಬೆಳಗಿನ ಬಿಸಿಲೆಲ್ಲ ಗೋಡೆಯಾಚೆ, ಓಗಲೆಯವರ ಅಂಗಳದಲ್ಲಿ.
ಹಾಗಿದ್ದರೆ ಅಲೆಯುವುದು ಬಿಡಿ ತಾಯೀ,
ಬುಡ ನಿಮಗೆ, ಹೂವೆಲ್ಲ ಅವರಿಗೆ.

ಗಾಜು ನೆಟ್ಟವರು ಅವರೇ, ಎರಡು ವರ್ಷದ ಹಿಂದೆ,
ನೀರಿನ ಮೋಟರಿನ ಜಗಳವಾದ ಮರುವಾರ.
ಅದಕ್ಕೂ ಮೊದಲು ಆ ಗೋಡೆಯ ಮೇಲೆ ದಾಟಿದ್ದವು
ಮುಚ್ಚಿದ ತಾಟಿನಲ್ಲಿ ಪುರಣಪೋಳಿ, ನಮ್ಮ ಶೇಂಗಾ ಹಿಂಡಿ,
ಥರ್ಮಾಮೀಟರು, ಪೇರಲಹಣ್ಣಿನ ಆಸೆಗೆ ನನ್ನ ಶಿವಲೀಲಾ,
ಅವರ ಮಗಳ ಮದುವೆಯ ಹದಿನಾಲ್ಕು ಸೀರೆ.
ಕೂಲಿ ತೆಗೆದುಕೊಂಡಿರಲಿಲ್ಲ ನಾನು.
ಜಗಳದಲ್ಲಿ ಅದನ್ನೇ ಎತ್ತಿ ಆಡಿದೆ,
ಹದಿನಾಲ್ಕನ್ನೂ ಎಣಿಸಿ.

ಮೂಲೆಯಲ್ಲಿ ಒಂದಿತ್ತು, ಹೆಸರೇ ಇಲ್ಲದ್ದು.
ನೇಯ್ಗೆ ನೋಡುವ ಅಭ್ಯಾಸದಲ್ಲಿ
ಮೇಲಿಂದ ಕೆಳಗೆ ಬೆರಳೆಳೆದೆ. ಮುಳ್ಳಿಲ್ಲ.
ಅದು ಬೆಟ್ಟದ್ದು, ಮಹಾಬಳೇಶ್ವರದಿಂದ ತಂದದ್ದು,
ಅಂಗಿಗುಂಡಿಯಷ್ಟು ಹೂ, ಬಿಳಿ, ಗೊಂಚಲುಗೊಂಚಲು.
ಪುಣೆಯ ಸೆಕೆಗೆ ಬಿಟ್ಟೀತು, ಬಿಡದೆಯೂ ಇದ್ದೀತು.
ಮೂರು ವರ್ಷ ಕತ್ತರಿ ತಾಗಿಸಬೇಡಿ.
ಕತ್ತರಿಯಿಂದ ಉಂಡವಳಿಗೆ ಈ ಮಾತು.

ಗಾಜಿರುವಲ್ಲಿ ಮತ್ತೆ ಮುಳ್ಳೇಕೆ ಎಂದು
ಆಗ ಅನ್ನಿಸಿತೋ, ಲೋಕಲ್ ರೈಲಿನಲ್ಲಿ
ಕುಂಡ ತೊಡೆಯ ಮೇಲಿಟ್ಟುಕೊಂಡಾಗಲೋ, ನೆನಪಿಲ್ಲ.
ನೂರಾ ಎಂಬತ್ತು ಅಂದ. ನೂರೈವತ್ತಕ್ಕೆ ಕೊಟ್ಟ.

ಶನಿವಾರ ನೆಟ್ಟೆ.
ಕಟ್ಟಲು ಸುತ್ತಳಿ ಯಾಕೆ, ಫಾಲಿನ ಚೂರು ಚೀಲಗಟ್ಟಲೆ ಇವೆ:
ಎಂಟರ ಗಂಟು, ಬಿಗಿಯಲ್ಲ,
ಒಂದು ಬದಾಮಿ, ಒಂದು ಕಂದು, ಒಂದು ರಾಣಿಬಣ್ಣ.
ರಾಣಿಬಣ್ಣದ್ದು ಆ ಹದಿನಾಲ್ಕರ ಉಳಿಕೆ.
ಬೇಕೆಂದೇ ಹುಡುಕಲಿಲ್ಲ, ಕೈಗೆ ಬಂತು.

ಗಾಜಿನಾಚೆ ಚಪ್ಪಲಿ ಸದ್ದು ನಿಂತಿತು.
ಒಂದು ಕೆಮ್ಮು. ಆಮೇಲೆ, ಗೋಡೆಗೆ ಹೇಳಿದಂತೆ:
ಕಾಯ್ ಲಾವ್ಲಂ?

ಮಂಡಿಯ ಮಣ್ಣು ಕೊಡವಿದೆ. ಏನು ನೆಟ್ಟೆ ನಾನು?
ಹೆಸರು ನನಗೂ ಗೊತ್ತಿರಲಿಲ್ಲ.
ಪಾನಂ, ಎಂದೆ. ಎಲೆ.
ಸದ್ಯಕ್ಕೆ ಅಷ್ಟೇ ನಿಜ.